ಮಣಿ ಪೋಣಿಸಿದರೆ ಒತ್ತಡ ಎಷ್ಟು ಇಳಿಯುತ್ತದೆ?

ಅಡುಗೆ ಅನಿಲದ ಸಿಲಿಂಡರ್ ಇನ್ನೆಷ್ಟು ದಿನ ಬಂದೀತು ಎಂದು ತಿಳಿಯಲು ನಮ್ಮ ಮನೆಗಳಲ್ಲಿ ನಾನಾ ಉಪಾಯಗಳಿವೆ. ಅಲುಗಾಡಿಸಿ ನೋಡುವವರಿದ್ದಾರೆ, ಎತ್ತಿ ಅಂದಾಜು ಮಾಡುವವರಿದ್ದಾರೆ, ಒದ್ದೆ ಬಟ್ಟೆಯಿಂದ ಒರೆಸಿ ಯಾವ ಎತ್ತರದವರೆಗೆ ತೇವ ನಿಧಾನವಾಗಿ ಆರುತ್ತದೆ ಎಂದು ಗಮನಿಸುವವರಿದ್ದಾರೆ. ಇಷ್ಟೆಲ್ಲ ಏಕೆ, ಒತ್ತಡ ಅಳೆಯುವ ಮೀಟರ್ ಕೂರಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಸಿಲಿಂಡರಿನಲ್ಲಿ ದ್ರವ ಮುಕ್ಕಾಲು ಭಾಗ ಇದ್ದರೂ ತಳದಲ್ಲಿ ನಾಲ್ಕು ಲೋಟದಷ್ಟು ಉಳಿದಿದ್ದರೂ ಮೀಟರಿನ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುತ್ತದೆ. ದ್ರವವೂ ಆವಿಯೂ ಒಟ್ಟಿಗೆ ಇರುವವರೆಗೆ ಆ ಒತ್ತಡವನ್ನು ತೀರ್ಮಾನಿಸುವುದು ಒಳಗಿರುವ ಅಣು ಯಾವುದು ಮತ್ತು ತಾಪಮಾನ ಎಷ್ಟು ಎಂಬುದು ಮಾತ್ರ. ಒಳಗಿರುವುದು ಮಿಶ್ರಣವಾದ್ದರಿಂದ, ಹಗುರವಾದದ್ದು ಮೊದಲು ಹೊರಟುಹೋಗಿ ಮುಳ್ಳು ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಅದನ್ನು ನೋಡಿ ಹೊಸ ಸಿಲಿಂಡರ್ ಬುಕ್ ಮಾಡುವ ದಿನವನ್ನು ಹೇಳಲಾಗದು.

ಆ ಮಿಶ್ರಣದಲ್ಲಿ ಮುಖ್ಯವಾಗಿ ಇರುವವು ಪ್ರೊಪೇನ್ ಮತ್ತು ಬ್ಯೂಟೇನ್. ಪ್ರೊಪೇನಿನಲ್ಲಿ ಮೂರು ಇಂಗಾಲದ ಪರಮಾಣುಗಳು ಸಾಲಾಗಿ ಕೈಹಿಡಿದಿವೆ, ಬ್ಯೂಟೇನಿನಲ್ಲಿ ನಾಲ್ಕು. ವ್ಯತ್ಯಾಸ ಒಂದೇ ಕೊಂಡಿ. ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ಪ್ರೊಪೇನಿನ ಆವಿ ಒತ್ತಡ ಸುಮಾರು 9.5 ಬಾರ್, ಬ್ಯೂಟೇನಿನದು ಸುಮಾರು 2.4 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಇನ್ನೊಂದು ಕೊಂಡಿ ಸೇರಿಸಿದರೆ ಪೆಂಟೇನ್. ಅದರ ಒತ್ತಡ ಒಂದು ಬಾರ್‌ಗಿಂತ ಕೆಳಗೆ, ಅಂದರೆ ಅದು ತೆರೆದ ಬಾಟಲಿಯಲ್ಲಿ ದ್ರವವಾಗಿಯೇ ಕೂರುತ್ತದೆ. ಹೀಗೆ ಕೊಂಡಿ ಸೇರಿಸುತ್ತ ಹೋದರೆ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್, ಮೇಣದಬತ್ತಿಯ ಮೇಣ ಬರುತ್ತವೆ. ಸಾವಿರಾರು ಕೊಂಡಿಗಳಾದಾಗ ಹಾಲಿನ ಪ್ಯಾಕೆಟ್ಟಿನ ಪಾಲಿಥೀನ್. ಒಲೆಯ ಮೇಲೆ ಉರಿಯುವುದೂ ಹಾಲು ತುಂಬಿ ಬರುವುದೂ ಒಂದೇ ವಂಶದ ಕೂಸುಗಳು. ಸರ ಎಷ್ಟು ಉದ್ದ ಎಂಬುದೇ ಅವುಗಳ ನಡುವಿನ ಮುಖ್ಯ ಭೇದ.

ಹಾಗಿದ್ದರೆ ಈ ಇಡೀ ವಂಶಕ್ಕೆ ಒಂದೇ ಸೂತ್ರ ಬರೆಯಲು ಸಾಧ್ಯವೇ? ರಾಸಾಯನಿಕ ಎಂಜಿನಿಯರುಗಳು ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಪ್ರಶ್ನೆಯ ಸುತ್ತ ತಿರುಗಿದ್ದಾರೆ. ಅವರಿಗೆ ಬೇಕಾದ ಸೂತ್ರದ ಹೆಸರು ಸ್ಥಿತಿ ಸಮೀಕರಣ. ಒಂದು ವಸ್ತುವಿನ ಒತ್ತಡ, ತಾಪಮಾನ, ಸಾಂದ್ರತೆ ಈ ಮೂರರಲ್ಲಿ ಎರಡನ್ನು ಕೊಟ್ಟರೆ ಮೂರನೆಯದನ್ನು ಹೇಳಬೇಕು. ಅಷ್ಟೇ ಅಲ್ಲ, ಅದು ಯಾವಾಗ ಕುದಿಯುತ್ತದೆ, ಯಾವುದರ ಜೊತೆ ಬೆರೆಯುತ್ತದೆ, ಯಾವಾಗ ಎರಡು ಪದರಗಳಾಗಿ ಒಡೆಯುತ್ತದೆ ಎಂಬುದೂ ಅದೇ ಸೂತ್ರದಿಂದ ಹೊರಬರಬೇಕು.

ಶಾಲೆಯಲ್ಲಿ ಕಲಿತ ಆದರ್ಶ ಅನಿಲದ ಸೂತ್ರ ಇದರಲ್ಲಿ ಮೊದಲನೆಯದು. ಅದರ ಪ್ರಕಾರ ಅಣುಗಳಿಗೆ ಗಾತ್ರವೂ ಇಲ್ಲ, ಪರಸ್ಪರ ಆಕರ್ಷಣೆಯೂ ಇಲ್ಲ. ಹಾಗಾಗಿ ಆ ಸೂತ್ರದ ಲೋಕದಲ್ಲಿ ಯಾವುದೂ ದ್ರವವಾಗುವುದೇ ಇಲ್ಲ. ಈ ಎರಡೂ ಕೊರತೆಗಳನ್ನು ಒಟ್ಟಿಗೆ ತುಂಬಿದವನು ಡಚ್ ವಿಜ್ಞಾನಿ ಯೋಹಾನೆಸ್ ವಾನ್ ಡರ್ ವಾಲ್ಸ್. 1873ರಲ್ಲಿ ಲೈಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧದಲ್ಲಿ ಆತ ಎರಡು ತಿದ್ದುಪಡಿ ಹಾಕಿದ: ಅಣು ಜಾಗ ಹಿಡಿಯುತ್ತದೆ, ಅಣುಗಳು ಒಂದನ್ನೊಂದು ಸೆಳೆಯುತ್ತವೆ. ಅಷ್ಟಕ್ಕೇ ಅನಿಲ ದ್ರವವಾಗುವುದು ಕಾಗದದ ಮೇಲೆ ಕಾಣಿಸಿತು. ಯಾವ ತಾಪಮಾನದ ಮೇಲೆ ಎಷ್ಟು ಒತ್ತಿದರೂ ದ್ರವವಾಗದು ಎಂಬ ಗಡಿಯೂ ಸಿಕ್ಕಿತು. ಅದನ್ನು ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು 31 ಡಿಗ್ರಿಯ ಹತ್ತಿರ ಥಾಮಸ್ ಆಂಡ್ರೂಸ್ ಕೆಲವೇ ವರ್ಷ ಮೊದಲು ಪ್ರಯೋಗದಲ್ಲಿ ತೋರಿಸಿದ್ದ. ವಾನ್ ಡರ್ ವಾಲ್ಸ್‌ಗೆ 1910ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತು.

ತೈಲ ಉದ್ಯಮ ಇಂದಿಗೂ ಉಣ್ಣುತ್ತಿರುವುದು ಈ ಸೂತ್ರದ ಮೊಮ್ಮಕ್ಕಳ ದುಡಿಮೆಯನ್ನೇ. 1949ರಲ್ಲಿ ರೆಡ್ಲಿಕ್ ಮತ್ತು ಕ್ವಾಂಗ್, 1972ರಲ್ಲಿ ಸೋವೆ, 1976ರಲ್ಲಿ ಕೆನಡಾದ ಪೆಂಗ್ ಮತ್ತು ರಾಬಿನ್ಸನ್ ಆಕರ್ಷಣೆಯ ಭಾಗವನ್ನು ಹದಗೊಳಿಸುತ್ತ ಬಂದರು. ಪ್ರತಿ ವಸ್ತುವಿಗೂ ಇವುಗಳಲ್ಲಿ ಕೊನೆಯ ಎರಡು ಕೇಳುವುದು ಮೂರು ಸಂಗತಿ: ಮೇಲೆ ಹೇಳಿದ ಗಡಿಯ ತಾಪಮಾನ, ಆ ಗಡಿಯ ಒತ್ತಡ, ಮತ್ತು ಅಣು ದುಂಡಗಿನ ಆಕಾರದಿಂದ ಎಷ್ಟು ದೂರ ಸರಿದಿದೆ ಎಂದು ಸೂಚಿಸುವ ಒಂದು ಸಂಖ್ಯೆ. ನೈಸರ್ಗಿಕ ಅನಿಲಕ್ಕೆ, ನಿಮ್ಮ ಸಿಲಿಂಡರಿನ ಪ್ರೊಪೇನಿಗೆ ಇವು ಬೇಕಾದಷ್ಟು ಚೆನ್ನಾಗಿ ಕೆಲಸ ಮಾಡುತ್ತವೆ. ಈ ಸರಳ ಸೂತ್ರಗಳನ್ನು ಹಳತು ಎಂದು ಹೀಗಳೆಯುವವರನ್ನು ಕಂಡರೆ ನನಗೆ ಕೊಂಚ ಸಿಟ್ಟೇ ಬರುತ್ತದೆ; ಅವುಗಳಷ್ಟು ಕಡಿಮೆ ಕೇಳಿ ಅಷ್ಟು ಹೆಚ್ಚು ಕೊಡುವ ಸಾಧನ ಎಂಜಿನಿಯರಿಂಗ್‌ನಲ್ಲಿ ಹೆಚ್ಚಿಲ್ಲ.

ಆದರೆ ಸರ ಉದ್ದವಾದಾಗ ಅವು ಎಡವುತ್ತವೆ. ಪಾಲಿಥೀನಿನ ಗಡಿ ತಾಪಮಾನ ಎಷ್ಟು ಎಂದು ಕೇಳಿದರೆ ಉತ್ತರವೇ ಇಲ್ಲ. ಅದು ಕುದಿಯುವುದಿಲ್ಲ. ಕಾಯಿಸುತ್ತ ಹೋದರೆ ಕುದಿಯುವ ಮೊದಲೇ ಸರ ಹರಿದು ಬೇರೆ ವಸ್ತುವಾಗುತ್ತದೆ. ಜಾತಕ ಬರೆಯಲು ಹುಟ್ಟಿದ ಹೊತ್ತನ್ನು ಕೇಳುವ ಜೋಯಿಸರ ಮುಂದೆ ಹೊತ್ತೇ ಗೊತ್ತಿಲ್ಲದವನನ್ನು ಕೂರಿಸಿದ ಹಾಗೆ.

ಇನ್ನೊಂದು ದೋಷ ಬುಡದಲ್ಲೇ ಇದೆ. ಅಣುಗಳನ್ನು ಗಟ್ಟಿ ಗೋಲಿಗಳು ಎಂದುಕೊಳ್ಳಿ. ವಾನ್ ಡರ್ ವಾಲ್ಸ್ ಅಣುವಿನ ಗಾತ್ರವನ್ನು ಲೆಕ್ಕ ಹಾಕಿದ ರೀತಿಯ ಪ್ರಕಾರ ಪೆಟ್ಟಿಗೆಯ ಕಾಲು ಭಾಗವನ್ನು ಗೋಲಿಗಳು ತುಂಬಿದ ಕೂಡಲೇ ಒತ್ತಡ ಅನಂತವಾಗುತ್ತದೆ, ಅಂದರೆ ಇನ್ನು ಒಂದು ಗೋಲಿಗೂ ಜಾಗವಿಲ್ಲ. ಮನೆಯಲ್ಲಿ ಡಬ್ಬಿಗೆ ಕಡಲೆ ತುಂಬಿ ನೋಡಿ. ಹೇಗೆಂದರೆ ಹಾಗೆ ಸುರಿದರೂ ಡಬ್ಬಿಯ ಅರ್ಧಕ್ಕಿಂತ ಹೆಚ್ಚು ಭಾಗ ಕಡಲೆಯೇ ಇರುತ್ತದೆ. ಒಂದೇ ಅಳತೆಯ ಗೋಲಿಗಳನ್ನು ಕುಲುಕಿ ಕುಲುಕಿ ತುಂಬಿದರೆ ಸುಮಾರು 64 ಪ್ರತಿಶತ, ಅಂಗಡಿಯವನು ಕಿತ್ತಳೆ ಜೋಡಿಸುವಂತೆ ಪೇರಿಸಿದರೆ 74 ಪ್ರತಿಶತ. ದ್ರವದಲ್ಲಿ ಅಣುಗಳ ಭರ್ತಿ ಸಾಮಾನ್ಯವಾಗಿ 40 ಪ್ರತಿಶತದ ಆಸುಪಾಸಿನಲ್ಲಿ ಇರುತ್ತದೆ. ಕಾಲು ಭಾಗಕ್ಕೇ ಬಾಗಿಲು ಹಾಕುವ ಸೂತ್ರ ಆಕರ್ಷಣೆಯ ಭಾಗದಲ್ಲಿ ಮಾಡುವ ಇನ್ನೊಂದು ತಪ್ಪಿನಿಂದ ಸರಿದೂಗುತ್ತದೆ. ಎರಡು ತಪ್ಪು ಸೇರಿ ಒಂದು ಸರಿ. ಸಣ್ಣ ಅಣುಗಳಿಗೆ ಆ ಸರಿದೂಗುವಿಕೆ ನಡೆಯುತ್ತದೆ, ಉದ್ದ ಸರಗಳಿಗೆ ಕೈಕೊಡುತ್ತದೆ.

ಗಟ್ಟಿ ಗೋಲಿಗಳ ಲೆಕ್ಕವನ್ನು 1969ರಲ್ಲಿ ಕಾರ್ನಹನ್ ಮತ್ತು ಸ್ಟಾರ್ಲಿಂಗ್ ಸರಿಪಡಿಸಿದರು. ಅವರ ಪುಟ್ಟ ಸೂತ್ರ ಕಂಪ್ಯೂಟರಿನಲ್ಲಿ ಗೋಲಿಗಳನ್ನು ಆಡಿಸಿ ಪಡೆದ ಉತ್ತರಕ್ಕೆ ಬಹಳ ಹತ್ತಿರ ಬರುತ್ತದೆ. ಇನ್ನು ಉಳಿದದ್ದು ಗೋಲಿಗಳನ್ನು ಪೋಣಿಸುವುದು. ಇಡೀ ಕಥೆಯ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಹತ್ತು ಬಿಡಿ ಮಣಿಗಳು ಒಂದು ಪೆಟ್ಟಿಗೆಯಲ್ಲಿ ಓಡಾಡುತ್ತಿವೆ, ಪೆಟ್ಟಿಗೆ ಬಹಳ ದೊಡ್ಡದು, ಮಣಿಗಳು ಒಂದಕ್ಕೊಂದು ಎದುರಾಗುವುದೇ ಅಪರೂಪ ಎಂದುಕೊಳ್ಳಿ. ಅವು ಹತ್ತು ಪಾಲು ಒತ್ತಡ ಕೊಡುತ್ತವೆ. ಈಗ ಹತ್ತನ್ನೂ ದಾರದಲ್ಲಿ ಪೋಣಿಸಿ ಬಿಡಿ. ಹತ್ತು ಮಣಿ ಸೇರಿ ಒಂದೇ ಅಣು, ಒತ್ತಡ ಒಂದೇ ಪಾಲು. ಒಂಬತ್ತು ಗಂಟುಗಳು ಒಂಬತ್ತು ಪಾಲನ್ನು ನುಂಗಿದವು. ಇಷ್ಟು ಸುಲಭ.

ಪೆಟ್ಟಿಗೆ ತುಂಬಿರುವಾಗ ಹೀಗಲ್ಲ. ಊರ ಜಾತ್ರೆಯನ್ನು ನೆನೆಯಿರಿ. ಖಾಲಿ ಮೈದಾನದಲ್ಲಿ ಇಬ್ಬರು ಕೈಹಿಡಿದೇ ಓಡಾಡಬೇಕು ಎಂದರೆ ಇಬ್ಬರ ಸ್ವಾತಂತ್ರ್ಯವೂ ತುಂಬಾ ಮೊಟಕಾಗುತ್ತದೆ. ತೇರು ಎಳೆಯುವ ಹೊತ್ತಿಗೆ ಜನ ಮೈಗೆ ಮೈ ತಾಗಿಸಿ ನಿಂತಿರುವಾಗ ಪಕ್ಕದವರ ಕೈಹಿಡಿದರೆ ಕಳೆದುಕೊಳ್ಳುವುದು ಅಷ್ಟೇನಿಲ್ಲ, ಹೇಗೂ ಅಲ್ಲಾಡಲು ಜಾಗವಿರಲಿಲ್ಲ. ಅಂದರೆ ಪೋಣಿಸುವುದಕ್ಕೆ ತೆರಬೇಕಾದ ಬೆಲೆಯನ್ನು ನಿರ್ಧರಿಸುವುದು ಒಂದೇ ಪ್ರಶ್ನೆ: ಪೋಣಿಸುವ ಮೊದಲೇ ಮಣಿಗಳು ಎಷ್ಟರಮಟ್ಟಿಗೆ ಒಂದನ್ನೊಂದು ತಾಗಿಕೊಂಡಿದ್ದವು? ಬಿಡಿ ಮಣಿಗಳ ಬಗ್ಗೆ ಇದು ಗೊತ್ತಿದ್ದರೆ ಸರದ ಬಗ್ಗೆಯೂ ಗೊತ್ತಾದಂತೆ.

ಕಾರ್ನಹನ್ ಮತ್ತು ಸ್ಟಾರ್ಲಿಂಗ್ ಲೆಕ್ಕ ಇದಕ್ಕೆ ನೇರ ಉತ್ತರ ಕೊಡುತ್ತದೆ. ಭರ್ತಿ 40 ಪ್ರತಿಶತ ಇದ್ದಾಗ ಒಂದು ಮಣಿಯ ಮೈಗೆ ಇನ್ನೊಂದು ತಾಗಿಕೊಂಡಿರುವ ಸಾಧ್ಯತೆ, ಎಲ್ಲೆಂದರಲ್ಲಿ ಚೆಲ್ಲಿದ್ದರೆ ಇರುತ್ತಿದ್ದುದರ 3.7 ಪಟ್ಟು. ಅದೇ ಭರ್ತಿಯಲ್ಲಿ ಪ್ರತಿ ಬಿಡಿ ಮಣಿಯೂ ಆದರ್ಶ ಅನಿಲದ 6.93 ಪಟ್ಟು ಒತ್ತಡ ಹುಟ್ಟಿಸುತ್ತದೆ. ಹತ್ತು ಬಿಡಿ ಮಣಿಗಳಿಗೆ 69.3 ಪಾಲು. ಇನ್ನು ಪೋಣಿಸುವ ಲೆಕ್ಕ ಹಾಕಿದರೆ ಒಂದೊಂದು ಗಂಟೂ 2.75 ಪಾಲನ್ನು ಕಡಿತ ಮಾಡುತ್ತದೆ. ಒಂಬತ್ತು ಗಂಟಿಗೆ 24.75. ಉಳಿದದ್ದು ಸುಮಾರು 44.5. ಖಾಲಿ ಪೆಟ್ಟಿಗೆಯಲ್ಲಿ ಪೋಣಿಸಿದ್ದರಿಂದ ಹತ್ತರಲ್ಲಿ ಒಂಬತ್ತು ಪಾಲು ಹೋಗಿತ್ತು, ತುಂಬಿದ ಪೆಟ್ಟಿಗೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ. ಆಕರ್ಷಣೆಯನ್ನು ಇನ್ನೂ ಸೇರಿಸಿಲ್ಲ. ಬರೀ ಗಟ್ಟಿ ಮಣಿ, ಬರೀ ದಾರ.

ಈ ಸರಳ ಉತ್ತರದ ಹಿಂದೆ ಇರುವ ಗಣಿತ ಸರಳವಲ್ಲ. ಅದನ್ನು 1984 ಮತ್ತು 1986ರಲ್ಲಿ ಪ್ರಕಟವಾದ ನಾಲ್ಕು ಲೇಖನಗಳಲ್ಲಿ ಕಟ್ಟಿದವನು ಮೈಕಲ್ ವರ್ಥೈಮ್. ಆತ ಹೊರಟಿದ್ದು ಸರಕ್ಕಾಗಿಯೇ ಅಲ್ಲ. ಮಣಿಯ ಮೈಮೇಲೆ ಅಲ್ಲಲ್ಲಿ ಅಂಟು ಚುಕ್ಕೆಗಳಿದ್ದು, ಎರಡು ಚುಕ್ಕೆ ಎದುರಾದರೆ ಕಚ್ಚಿಕೊಳ್ಳುತ್ತವೆ, ಒಂದು ಚುಕ್ಕೆಗೆ ಒಂದೇ ಜೊತೆ ಎಂಬ ಕಲ್ಪನೆಯಿಂದ ಹೊರಟ. ನೀರು, ಆಲ್ಕೋಹಾಲ್‌ಗಳಲ್ಲಿ ಜಲಜನಕ ಬಂಧಗಳು ಹೀಗೆಯೇ ಕಚ್ಚಿಕೊಂಡು ಮತ್ತೆ ಬಿಡಿಸಿಕೊಳ್ಳುತ್ತಿರುತ್ತವೆ. ಆ ಅಂಟಿನ ಬಲವನ್ನು ಅನಂತಕ್ಕೆ ಏರಿಸಿದರೆ ಕಚ್ಚಿಕೊಂಡದ್ದು ಬಿಡುವುದೇ ಇಲ್ಲ, ಬಿಡಿ ಮಣಿ ಸರವಾಗುತ್ತದೆ. ಒಂದೇ ಗಣಿತ ಎರಡು ಕಡೆ ದುಡಿಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಾಪ್‌ಮನ್, ಗಬಿನ್ಸ್, ಜಾಕ್ಸನ್ ಮತ್ತು ಎಕ್ಸಾನ್ ತೈಲ ಕಂಪನಿಯ ರಾಡೋಶ್ ಸೇರಿ 1989 ಮತ್ತು 1990ರಲ್ಲಿ ಇದನ್ನು ಎಂಜಿನಿಯರುಗಳು ಕೈಯಲ್ಲಿ ಹಿಡಿಯಬಹುದಾದ ಸ್ಥಿತಿ ಸಮೀಕರಣವನ್ನಾಗಿ ಮಾಡಿದರು. ಅದಕ್ಕೆ ಸಾಫ್ಟ್ (SAFT) ಎಂದು ಹೆಸರು. ಮೃದು ಎಂಬ ಅರ್ಥದ ಪದವಲ್ಲ, ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಜೋಡಣೆ.

ಅದಕ್ಕೂ ಮೊದಲು ಸರದ ಲೆಕ್ಕ ಯಾರೂ ಮಾಡಿರಲಿಲ್ಲ ಎಂದಲ್ಲ. 1940ರ ದಶಕದ ಆರಂಭದಲ್ಲೇ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗಿನ್ಸ್ ಬೇರೆ ಬೇರೆಯಾಗಿ ಚದುರಂಗದ ಹಾಸಿನಂಥ ಮನೆಗಳಲ್ಲಿ ಸರವನ್ನು ಹರವಿ ಪಾಲಿಮರ್ (ಪಾಲಿಥೀನಿನಂಥ ಉದ್ದ ಸರದ ವಸ್ತು) ದ್ರಾವಣಗಳ ಲೆಕ್ಕ ಹಾಕಿದ್ದರು. ಆ ಹಾಸಿನಲ್ಲಿ ಖಾಲಿ ಮನೆ ಇರಲಿಲ್ಲ. ಖಾಲಿ ಮನೆ ಇಲ್ಲದಿದ್ದರೆ ಒತ್ತಿದರೂ ಕುಗ್ಗದು, ಕಾಯಿಸಿದರೂ ಹಿಗ್ಗದು. 1976ರಲ್ಲಿ ಸ್ಯಾಂಚೆಸ್ ಮತ್ತು ಲಾಕೂಂಬ್ ಹಾಸಿನಲ್ಲಿ ಖಾಲಿ ಮನೆಗಳನ್ನು ಬಿಟ್ಟು ಒತ್ತಡವನ್ನು ಲೆಕ್ಕಕ್ಕೆ ತಂದರು. ಪಾಲಿಮರ್ ಕ್ಷೇತ್ರದಲ್ಲಿ ಅದಕ್ಕೆ ಇಂದಿಗೂ ಅಭಿಮಾನಿಗಳಿದ್ದಾರೆ.

ಮೊದಲ ಸಾಫ್ಟ್‌ನಲ್ಲಿ ಒಂದು ಕುಂದು ಉಳಿದಿತ್ತು. ಅದು ಆಕರ್ಷಣೆಯನ್ನು ಬಿಡಿ ಮಣಿಗಳ ನಡುವೆ ಲೆಕ್ಕ ಹಾಕಿ ಆಮೇಲೆ ಪೋಣಿಸುತ್ತಿತ್ತು. ನಿಜವಾದ ಸರದಲ್ಲಿ ನಡುವಿನ ಮಣಿಯ ಎರಡು ಬದಿಯನ್ನೂ ತನ್ನದೇ ಸರದ ಮಣಿಗಳು ಆಕ್ರಮಿಸಿರುತ್ತವೆ. ಹೊರಗಿನವರು ತಾಗಲು ಅಲ್ಲಿ ಜಾಗವೇ ಕಡಿಮೆ. 2001ರಲ್ಲಿ ಬರ್ಲಿನ್ನಿನ ಯೋಆಕಿಮ್ ಗ್ರಾಸ್ ಮತ್ತು ಗಾಬ್ರಿಯೆಲೆ ಸಾಡೋವ್ಸ್ಕಿ ಕ್ರಮವನ್ನು ತಿರುಗಿಸಿದರು. ಮೊದಲು ಗಟ್ಟಿ ಮಣಿಗಳನ್ನು ಪೋಣಿಸು, ಆಮೇಲೆ ಸರ ಸರಗಳ ನಡುವೆ ಆಕರ್ಷಣೆ ಹಾಕು. ಪಿಸಿ ಸಾಫ್ಟ್ ಎಂದು ಕರೆಯುವ ಈ ರೂಪವೇ ಇಂದು ಹೆಚ್ಚು ಬಳಕೆಯಲ್ಲಿದೆ. ಜಲಜನಕ ಬಂಧದ ಗೊಡವೆ ಇಲ್ಲದ ಅಣುವಿಗೆ ಇದು ಕೇಳುವುದೂ ಮೂರೇ ಸಂಖ್ಯೆ: ಸರದಲ್ಲಿ ಎಷ್ಟು ಮಣಿ, ಮಣಿಯ ಅಡ್ಡಳತೆ ಎಷ್ಟು, ಮಣಿ ಮಣಿಯ ನಡುವೆ ಸೆಳೆತ ಎಷ್ಟು. ಪೆಂಗ್ ರಾಬಿನ್ಸನ್ ಸೂತ್ರವೂ ಮೂರನ್ನೇ ಕೇಳಿತ್ತು. ಆದರೆ ಇಲ್ಲಿ ಕೇಳುವುದು ವಸ್ತು ಎಲ್ಲಿ ಕುದಿಯುತ್ತದೆ ಎಂಬುದನ್ನಲ್ಲ, ಅಣು ಹೇಗಿದೆ ಎಂಬುದನ್ನು.

ಅವರು ಕೊಟ್ಟ ಮಣಿಗಳ ಸಂಖ್ಯೆಯನ್ನು ನೋಡಿದರೆ ಮೊದಲಿಗೆ ಗಲಿಬಿಲಿಯಾಗುತ್ತದೆ. ಮೀಥೇನಿಗೆ 1, ಸರಿ. ಈಥೇನಿಗೆ 1.61. ಪ್ರೊಪೇನಿಗೆ 2.00. ಎಂಟು ಇಂಗಾಲಗಳ ಆಕ್ಟೇನಿಗೆ 3.82, ಇಪ್ಪತ್ತು ಇಂಗಾಲಗಳ ಐಕೋಸೇನಿಗೆ 7.98. ಒಂದೂ ಮುಕ್ಕಾಲು ಮಣಿ, ಎರಡೂವರೆ ಮಣಿ ಎಂಬುದುಂಟೇ? ಕಾರಣ ಸರಳವಾಗಿದೆ. ಎರಡು ಇಂಗಾಲಗಳ ನಡುವಿನ ಅಂತರ 1.54 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ), ಮಣಿಯ ಅಡ್ಡಳತೆಯೋ 3.5ರಿಂದ 4 ಆಂಗ್‌ಸ್ಟ್ರಾಮ್. ನಿಜವಾದ ಅಣುವಿನಲ್ಲಿ ಮಣಿಗಳು ಒಂದರೊಳಗೊಂದು ಹುದುಗಿವೆ, ಸೂತ್ರದ ಮಣಿಗಳು ಅಂಚಿಗೆ ಅಂಚು ತಾಗಿ ಮಾತ್ರ ನಿಲ್ಲುತ್ತವೆ. ಹಾಗಾಗಿ ಎರಡು ಮೂರು ಇಂಗಾಲಕ್ಕೆ ಒಂದು ಮಣಿ ಎಂದು ಲೆಕ್ಕ ಕೂಡಿಬರುತ್ತದೆ.

ಈಗ ಬರುವುದು ನನಗೆ ತುಂಬಾ ಇಷ್ಟವಾದ ಭಾಗ. ಆಕ್ಟೇನಿನಿಂದ ಐಕೋಸೇನಿಗೆ ಹೋಗುವಾಗ ಹನ್ನೆರಡು ಕೊಂಡಿಗಳು ಸೇರಿ ಸುಮಾರು 4.2 ಮಣಿ ಹೆಚ್ಚುತ್ತದೆ. ಕೊಂಡಿಯೊಂದಕ್ಕೆ ಸುಮಾರು 0.35. ಇನ್ನು ಪಾಲಿಥೀನಿಗೆ ಅದೇ ಇಬ್ಬರು ಪ್ರಯೋಗಗಳಿಗೆ ಹೊಂದಿಸಿ ಕೊಟ್ಟ ಸಂಖ್ಯೆ ಅಣುತೂಕದ ಒಂದು ಘಟಕಕ್ಕೆ 0.0263 ಮಣಿ. ಒಂದು ಕೊಂಡಿಯ ತೂಕ 14. ಗುಣಿಸಿ: 0.37. ಪೆಟ್ರೋಲಿನ ಕೊಂಡಿಗೂ ಹಾಲಿನ ಪ್ಯಾಕೆಟ್ಟಿನ ಕೊಂಡಿಗೂ ಹೆಚ್ಚುಕಡಿಮೆ ಒಂದೇ ಬೆಲೆ. ಮಣಿಯ ಅಡ್ಡಳತೆ ಐಕೋಸೇನಿನಲ್ಲಿ 3.99, ಪಾಲಿಥೀನಿನಲ್ಲಿ 4.02. ಅಣುತೂಕ ಒಂದು ಲಕ್ಷ ಇರುವ ಪಾಲಿಥೀನ್ ಸರ ಎಂದರೆ 2,630 ಮಣಿಗಳು. ಕುದಿಯದ ವಸ್ತುವಿಗೆ, ಗಡಿ ತಾಪಮಾನವೇ ಇಲ್ಲದ ವಸ್ತುವಿಗೆ ಕುದಿಯುವ ಬಂಧುಗಳ ಮೂಲಕ ದಾರಿ ಸಿಕ್ಕಿತು.

ದಾರಿ ಸಿಕ್ಕಿದ್ದು ಯಾರಿಗೆ ಬೇಕಾಗಿತ್ತು? ಪಾಲಿಥೀನ್ ತಯಾರಿಸುವವರಿಗೆ. 1933ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಥಿಲೀನ್ ಅನಿಲವನ್ನು ಭಾರಿ ಒತ್ತಡಕ್ಕೆ ಒಡ್ಡಿದಾಗ ಪಾತ್ರೆಯಲ್ಲಿ ಬಿಳಿಯ ಮೇಣದಂಥ ವಸ್ತು ಅಂಟಿಕೊಂಡಿತ್ತು. ತೆಳುವಾದ, ಮೆದುವಾದ ಪಾಲಿಥೀನನ್ನು ಇಂದಿಗೂ ಸಾವಿರದಿಂದ ಮೂರು ಸಾವಿರ ಬಾರ್ ಒತ್ತಡದಲ್ಲಿ ತಯಾರಿಸುತ್ತಾರೆ. ನಿಮ್ಮ ಪ್ರೆಷರ್ ಕುಕ್ಕರಿನೊಳಗೆ ಹೊರಗಿಗಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ ಇರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಅಂಕಿಯನ್ನು ಓದಿ. ಎಥಿಲೀನಿನ ಗಡಿ ತಾಪಮಾನ ಬರೀ 9 ಡಿಗ್ರಿ. ರಿಯಾಕ್ಟರಿನ ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಅದು ದ್ರವವೂ ಅಲ್ಲ, ಅನಿಲವೂ ಅಲ್ಲ. ಅದರಲ್ಲಿ ಹುಟ್ಟಿದ ಪಾಲಿಥೀನ್ ಅದರಲ್ಲೇ ಕರಗಿರುತ್ತದೆ. ಒಂದು ಸುತ್ತಿನಲ್ಲಿ ಎಥಿಲೀನಿನ ಸ್ವಲ್ಪ ಭಾಗ ಮಾತ್ರ ಸರವಾಗುವುದರಿಂದ, ಒತ್ತಡ ಇಳಿಸಿ ಎರಡನ್ನೂ ಬೇರ್ಪಡಿಸಿ ಉಳಿದ ಎಥಿಲೀನನ್ನು ಹಿಂದಕ್ಕೆ ಕಳಿಸಬೇಕು. ಯಾವ ಒತ್ತಡಕ್ಕೆ ತಿಳಿಯಾದ ದ್ರಾವಣ ಮಂಜು ಮಂಜಾಗುತ್ತದೆ? ಬೇರ್ಪಟ್ಟ ಪಾಲಿಮರಿನಲ್ಲಿ ಎಷ್ಟು ಎಥಿಲೀನ್ ಉಳಿಯುತ್ತದೆ? ಇಂಥ ಪಾತ್ರೆಯಲ್ಲಿ ಅಳೆದು ನೋಡೋಣ ಎಂದರೆ ದುಬಾರಿ, ಅಪಾಯಕಾರಿ. ಸೂತ್ರ ಬೇಕಾಗುವುದು ಇಲ್ಲಿ. ಅಂದಹಾಗೆ ರಾಡೋಶ್ ತೈಲ ಕಂಪನಿಯವನಾಗಿದ್ದುದು ಕಾಕತಾಳೀಯವಲ್ಲ.

ಒತ್ತಡ ಏರಿಸಿದರೆ ಏಕೆ ಕರಗುತ್ತದೆ ಎಂಬುದನ್ನೂ ಸೂತ್ರ ವಿವರಿಸುತ್ತದೆ, ಅದೂ ಅಡುಗೆಮನೆಯ ಅನುಭವಕ್ಕೆ ಉಲ್ಟಾ ಆಗಿ. ಬೆಲ್ಲ ಕರಗದಿದ್ದರೆ ನಾವು ನೀರು ಕಾಯಿಸುತ್ತೇವೆ. ಆದರೆ 1960ರಲ್ಲಿ ಫ್ರೀಮನ್ ಮತ್ತು ರೋಲಿನ್‌ಸನ್ ಹೈಡ್ರೋಕಾರ್ಬನ್ ದ್ರಾವಕಗಳಲ್ಲಿ ಚೆನ್ನಾಗಿ ಕರಗಿದ್ದ ಪಾಲಿಮರ್‌ಗಳು ಕಾಯಿಸಿದಾಗ ಬೇರ್ಪಡುವುದನ್ನು ತೋರಿಸಿದರು. ಚಿಕ್ಕ ಅಣುಗಳ ದ್ರಾವಕವನ್ನು ಕಾಯಿಸಿದರೆ ಅದು ಬಹಳ ಹಿಗ್ಗುತ್ತದೆ. ಸರಗಳು ಗಂಟುಗಳಿಂದ ಬಿಗಿದಿರುವುದರಿಂದ ಅಷ್ಟು ಹಿಗ್ಗಲಾರವು. ಹಾಯಾಗಿ ಹರಡಿಕೊಳ್ಳಬೇಕೆನ್ನುವ ದ್ರಾವಕದ ಅಣು ಬಿಗಿಯಾದ ಸರದ ಪಕ್ಕದಲ್ಲಿ ಮುದುಡಿಕೊಂಡೇ ಇರಬೇಕಾಗುತ್ತದೆ, ಆ ಇಕ್ಕಟ್ಟು ತಾಳದೆ ಬೇರೆಯಾಗುತ್ತದೆ. ಹೊರಗಿನಿಂದ ಒತ್ತಿದರೆ ದ್ರಾವಕವೂ ಸರದಷ್ಟೇ ಸಾಂದ್ರವಾಗಿ ಇಬ್ಬರ ಅಂತರ ಕಡಿಮೆಯಾಗುತ್ತದೆ, ಜಗಳ ತೀರುತ್ತದೆ. ಖಾಲಿ ಮನೆ ಇಲ್ಲದ ಫ್ಲೋರಿ ಹಗಿನ್ಸ್ ಹಾಸಿನ ಲೆಕ್ಕಕ್ಕೆ ಇದು ತನ್ನಷ್ಟಕ್ಕೆ ಕಾಣುತ್ತಿರಲಿಲ್ಲ. ಪೋಣಿಸುವುದರ ಬೆಲೆಯನ್ನು ಸಾಂದ್ರತೆಯ ಜೊತೆ ಕಟ್ಟಿರುವ ಸೂತ್ರಕ್ಕೆ ಇದು ಸಹಜವಾಗಿ ದಕ್ಕುತ್ತದೆ.

ಹಾಗೆಂದು ಪಿಸಿ ಸಾಫ್ಟ್ ಎಂದರೆ ಮಂತ್ರದಂಡವಲ್ಲ. ಎರಡು ವಸ್ತುಗಳನ್ನು ಬೆರೆಸುವಾಗ ಅವುಗಳ ನಡುವಿನ ಸೆಳೆತವನ್ನು ತುಸು ತಿದ್ದುವ ಒಂದು ಸಣ್ಣ ಸಂಖ್ಯೆಯನ್ನು ಪ್ರಯೋಗದಿಂದ ಹುಡುಕಿ ಸೇರಿಸಬೇಕಾಗುತ್ತದೆ. ಪಾಲಿಮರ್ ಮತ್ತು ಎಥಿಲೀನಿನಂಥ ಜೋಡಿಯಲ್ಲಿ ಆ ಸಣ್ಣ ಸಂಖ್ಯೆ ಕೊಂಚ ಆಚೀಚೆಯಾದರೂ ಮಂಜು ಕವಿಯುವ ಒತ್ತಡ ಬಹಳ ದೂರ ಸರಿಯುತ್ತದೆ. ಗಡಿ ತಾಪಮಾನವನ್ನೂ ಆ ಗಡಿಯ ಒತ್ತಡವನ್ನೂ ಸೂತ್ರ ಇರುವುದಕ್ಕಿಂತ ಹೆಚ್ಚಾಗಿ ಹೇಳುತ್ತದೆ. ನೀರಿನ ಸಾಂದ್ರತೆ 4 ಡಿಗ್ರಿಯಲ್ಲಿ ಗರಿಷ್ಠವಾಗುವಂಥ ವಿಚಿತ್ರಗಳ ಮುಂದೆ ಅದು ತಡವರಿಸುತ್ತದೆ.

ನನ್ನನ್ನು ಹೆಚ್ಚು ಕಾಡುವ ಕೊರತೆ ಮತ್ತೆ ಅಡುಗೆಮನೆಗೇ ಕರೆತರುತ್ತದೆ. ಸಿಲಿಂಡರಿನ ಬ್ಯೂಟೇನ್ ಎಂದು ನಾವು ಕರೆಯುವುದರಲ್ಲಿ ಎರಡು ಬಗೆ ಇವೆ. ನಾಲ್ಕು ಇಂಗಾಲಗಳು ಒಂದೇ ಸಾಲಿನಲ್ಲಿರುವುದು ಒಂದು, ಅದು ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. ನಡುವಿನ ಒಂದಕ್ಕೆ ಉಳಿದ ಮೂರು ಕವಲಾಗಿ ಅಂಟಿಕೊಂಡಿರುವ ಐಸೋಬ್ಯೂಟೇನ್ ಇನ್ನೊಂದು, ಅದು ಸೊನ್ನೆಗಿಂತ 11.7 ಡಿಗ್ರಿ ಕೆಳಗೇ ಕುದಿಯುತ್ತದೆ. ಪೋಣಿಸುವ ಲೆಕ್ಕ ಗಂಟುಗಳನ್ನು ಎಣಿಸುತ್ತದೆಯೇ ಹೊರತು ಅವು ಎಲ್ಲಿವೆ ಎಂದು ನೋಡುವುದಿಲ್ಲ. ನಾಲ್ಕು ಮಣಿ, ಮೂರು ಗಂಟು ಎಂದರೆ ಅದಕ್ಕೆ ಸರವೂ ಕವಲೂ ಒಂದೇ. ಸರಕ್ಕೆ ತನ್ನ ಮೈ ತನಗೇ ತಾಗುತ್ತದೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಐಸೋಬ್ಯೂಟೇನನ್ನು ಬೇರೆಯಾಗಿ ಅಳೆದು, ಅದರದೇ ಮೂರು ಸಂಖ್ಯೆಗಳನ್ನು ಹೊಂದಿಸಿ ಕೋಷ್ಟಕಕ್ಕೆ ಸೇರಿಸಿದ್ದಾರೆ: ನೇರ ಬ್ಯೂಟೇನಿಗೆ 2.33 ಮಣಿ, ಐಸೋಬ್ಯೂಟೇನಿಗೆ 2.26.